ಗಂಡನ ಚಿಕಿತ್ಸೆ ಫಲ ಕೊಡಲಿಲ್ಲ: ಮುಂದೆ ಯಾವ ದಾರಿ ಯಾರಿಗೆ?

"ಎಲ್ಲ ಮಾಡಿ ಆಯ್ತು ಅಕ್ಕಾ, ಇವರ ಕೌಂಟ್ ಬರಲೇ ಇಲ್ಲ. ಇನ್ನು ಎಂತ ಮಾಡೂದು?"

ಗಂಡನ ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಸಾಲದೆ ಮಕ್ಕಳಾಗದ ಮನೆಗಳ ಈ ಪ್ರಶ್ನೆ ನನಗೆ ಕಾರವಾರ, ಅಂಕೋಲೆಯಿಂದಲೂ ಬರುತ್ತದೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಬರುತ್ತದೆ. ಕೇಳುವವರು ಹೆಚ್ಚಾಗಿ ಹೆಂಡತಿಯರೇ. ಅಷ್ಟರಲ್ಲಿ ಗಂಡನಿಗೆ ಮಾತ್ರೆ, ವೆರಿಕೋಸೀಲ್ (ವೃಷಣದ ರಕ್ತನಾಳ ಉಬ್ಬುವುದು) ಆಪರೇಶನ್, ಮತ್ತೆ ಮಾತ್ರೆ, ನಡುವೆ ನಾಟಿ ಔಷಧಿ, ನಾಗಪ್ರತಿಷ್ಠೆ ಎಲ್ಲ ಮುಗಿದಿರುತ್ತದೆ. ಒಬ್ಬ ಡಾಕ್ಟರು ಇಕ್ಸಿ (ಲ್ಯಾಬಿನಲ್ಲಿ ಅಂಡಾಣುವಿಗೆ ವೀರ್ಯಾಣು ಸೇರಿಸುವುದು) ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ದಾನಿ ವೀರ್ಯ ಎನ್ನುತ್ತಾರೆ. ಮನೆಯ ಹಿರಿಯರು ತಮ್ಮನ ಮಗುವನ್ನೇ ತಂದುಕೊಳ್ಳಿ ಎನ್ನುತ್ತಾರೆ. ಎಲ್ಲ ದಾರಿಗಳನ್ನೂ ಒಟ್ಟಿಗೆ ಇಟ್ಟು, ಇದಕ್ಕೆ ಇಷ್ಟು ಖರ್ಚು, ಇದರಲ್ಲಿ ಇಷ್ಟು ಆಸೆ, ಇದಕ್ಕೆ ಈ ತೊಂದರೆ ಎಂದು ಹೇಳುವವರು ಸಿಗುವುದಿಲ್ಲ.

ನಾನು ಡಾಕ್ಟರಲ್ಲ. ಇಂಥ ಗಂಡಹೆಂಡಿರ ಜೊತೆ ಹುಬ್ಬಳ್ಳಿ, ಮಣಿಪಾಲದ ಆಸ್ಪತ್ರೆಗಳಿಗೆ ಹೋಗಿದ್ದೇನೆ, ದತ್ತು ಕಚೇರಿಯಲ್ಲೂ ಕೂತಿದ್ದೇನೆ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಅಳೆಯಬೇಕಾದದ್ದು

ದಾರಿಗಳನ್ನು ನೋಡುವ ಮೊದಲು ನಾಲ್ಕು ಸಂಗತಿ ಸ್ಪಷ್ಟವಾಗಬೇಕು. ಅವುಗಳಲ್ಲಿ ಹೆಂಡತಿಯ ವಯಸ್ಸು ಎಲ್ಲಕ್ಕಿಂತ ದೊಡ್ಡದು. ತೊಂದರೆ ಇರುವುದು ಗಂಡನಲ್ಲಿ, ಆದರೆ ಸಮಯ ಮುಗಿಯುತ್ತಿರುವುದು ಹೆಂಡತಿಗೆ. ಒಂದು ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಹಾಗಾಗಿ ಗಂಡನ ಯಾವ ಔಷಧಿಯ ಫಲ ನೋಡಬೇಕಾದರೂ ಮೂರು ತಿಂಗಳು ಕಾಯಬೇಕು. ಇನ್ನೊಂದು ಕೋರ್ಸ್, ಮತ್ತೊಂದು ಕೋರ್ಸ್ ಎನ್ನುವಷ್ಟರಲ್ಲಿ ವರ್ಷ ಉರುಳುತ್ತದೆ. ಹೆಂಡತಿಗೆ 28 ಆಗಿದ್ದರೆ ಆ ವರ್ಷ ಅಷ್ಟು ಭಾರವಲ್ಲ. 35 ದಾಟಿದ್ದರೆ ಬಹಳ ಭಾರ, ಯಾಕೆಂದರೆ ಆಮೇಲೆ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತವೆ. ಗಂಡನ ರಿಪೋರ್ಟ್ ಹತ್ತು ಸಲ ಮಾಡಿಸಿದ ಮನೆಗಳಲ್ಲಿ ಹೆಂಡತಿಯಲ್ಲಿ ಅಂಡಾಣು ಎಷ್ಟು ಉಳಿದಿದೆ ಎಂದು ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ ಒಂದು ಸಲವೂ ಆಗಿರುವುದಿಲ್ಲ. ಅದನ್ನು ಈ ವಾರವೇ ಮಾಡಿಸಿ.

ಎರಡನೆಯದು, ಫೇಲ್ ಆದದ್ದು ಏನು? ಕೌಂಟ್ ಕಡಿಮೆ ಇದ್ದದ್ದು ಏರಲಿಲ್ಲವೇ? ಕೌಂಟ್ ಸೊನ್ನೆಯೇ? ಸೊನ್ನೆಯಾದರೆ ವೀರ್ಯಾಣು ಹೊರಬರುವ ದಾರಿ ಕಟ್ಟಿಕೊಂಡಿದೆಯೋ, ತಯಾರಿಯೇ ಆಗುತ್ತಿಲ್ಲವೋ? ಇಕ್ಸಿ ಮಾಡಿಸಿಯೂ ಗರ್ಭ ನಿಲ್ಲಲಿಲ್ಲವೇ? ಇವು ಬೇರೆ ಬೇರೆ ಸಮಸ್ಯೆಗಳು, ಮುಂದಿನ ದಾರಿಯೂ ಬೇರೆ.

ಮೂರನೆಯದು, ನಿಮಗೆ ಬೇಕಾಗಿರುವುದು ಏನು? ತಮ್ಮದೇ ರಕ್ತದ ಮಗುವೇ? ಬಸಿರು, ಹೆರಿಗೆಯ ಅನುಭವವೇ? ಅಥವಾ ಸಾಕಿ ಬೆಳೆಸಲು ಒಂದು ಮಗುವೇ? ಮೂರೂ ಬೇಕು ಎಂದೇ ಎಲ್ಲರಿಗೂ ಅನಿಸುತ್ತದೆ. ಯಾವುದನ್ನು ಬಿಟ್ಟರೂ ಬದುಕಬಹುದು, ಯಾವುದನ್ನು ಬಿಡಲಾಗದು ಎಂದು ಗಂಡ ಒಂದು ಚೀಟಿಯಲ್ಲಿ, ಹೆಂಡತಿ ಇನ್ನೊಂದರಲ್ಲಿ ಬರೆಯಿರಿ. ಆಮೇಲೆ ಅದಲುಬದಲು ಮಾಡಿ ಓದಿ. ಒಬ್ಬರ ಎದುರು ಇನ್ನೊಬ್ಬರು ಬಾಯಿಬಿಟ್ಟು ಹೇಳಲಾಗದ್ದು ಕಾಗದದ ಮೇಲೆ ಬರುತ್ತದೆ.

ನಾಲ್ಕನೆಯದು ಹಣ ಮತ್ತು ದೂರ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಊರೂರೇ ಎದ್ದು ಕೇಳಿದ್ದು ನೆನಪಿದೆಯಲ್ವಾ? ಈ ಚಿಕಿತ್ಸೆಗೂ ಅದೇ ಕಷ್ಟ. ದೊಡ್ಡ ಕೇಂದ್ರ ಬೇಕೆಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ. ಇಕ್ಸಿಗೆ ಹೆಂಡತಿ ಹತ್ತು ಹನ್ನೆರಡು ದಿನ ದಿನವೂ ಇಂಜೆಕ್ಷನ್ ತೆಗೆದುಕೊಳ್ಳಬೇಕು, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಆಗಬೇಕು. ಅಂಡಾಣು ತೆಗೆಯುವ ಹೊತ್ತು ಗಂಟೆ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಮಳೆಗಾಲದಲ್ಲಿ ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ನಂಬಿ ಇದನ್ನು ಶುರುಮಾಡಬೇಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಸಾಧ್ಯವಾದರೆ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಆ ಎರಡು ವಾರ ಆಸ್ಪತ್ರೆಯ ಊರಲ್ಲೇ ಉಳಿಯಿರಿ. ನಡುವಿನ ಸ್ಕ್ಯಾನುಗಳನ್ನು ನಿಮ್ಮೂರಿನ ಸ್ತ್ರೀರೋಗ ತಜ್ಞರ ಹತ್ತಿರ ಮಾಡಿಸಿ ಕಳಿಸಬಹುದೇ ಎಂದು ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ.

ಇನ್ನೊಮ್ಮೆ, ಗಂಡನ ವೀರ್ಯದಿಂದಲೇ

ರಕ್ತಸಂಬಂಧ ಬಿಡಲಾಗದು ಎನ್ನುವವರಿಗೆ ಇದು ಮೊದಲ ದಾರಿ. ಆದರೆ ಇದೇ ದಾರಿಯಲ್ಲಿ ಹಣವೂ ವರ್ಷಗಳೂ ಜಾಸ್ತಿ ಸುಮ್ನೆ ಹೋಗುವುದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೌಂಟ್ ಕಡಿಮೆ ಇದೆ, ಆದರೆ ಸೊನ್ನೆಯಲ್ಲ ಎಂದಾದರೆ ಆಸೆ ಚೆನ್ನಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಎಂಎಲ್ ವೀರ್ಯದಲ್ಲಿ 1.6 ಕೋಟಿ ವೀರ್ಯಾಣು ಇರುವುದು ಕೆಳಗಿನ ಗಡಿ. ಅದಕ್ಕಿಂತ ತುಂಬಾ ಕೆಳಗಿದ್ದು ಚಲನೆಯೂ ಇಲ್ಲದಿದ್ದರೆ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಮೇಲೆ ಐಯುಐ ಮಾಡಿಸುವುದರಲ್ಲಿ ಅರ್ಥವಿಲ್ಲ. ಅಗ್ಗ ಎಂದು ಮಾಡಿಸುತ್ತಾ ಹೋಗುತ್ತಾರೆ, ಅಷ್ಟರಲ್ಲಿ ಹೆಂಡತಿಗೆ ಎರಡು ವರ್ಷ ಹೆಚ್ಚಾಗಿರುತ್ತದೆ. ಇಂಥವರಿಗೆ ಇಕ್ಸಿಯೇ ಸರಿ. ಒಂದು ಅಂಡಾಣುವಿಗೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ವಿಧಾನ ಅದು. ಬ್ರಸೆಲ್ಸ್‌ನ ತಂಡ 1992ರಲ್ಲಿ ಹೀಗೆ ಗರ್ಭ ನಿಂತದ್ದನ್ನು ಜಗತ್ತಿಗೆ ತಿಳಿಸಿತು. ಬೆರಳೆಣಿಕೆಯಷ್ಟು ಜೀವಂತ ವೀರ್ಯಾಣು ಸಿಕ್ಕರೂ ಸಾಕು.

ಕೌಂಟ್ ಸೊನ್ನೆ ಎಂದಾದರೆ ಮೊದಲು ಕಾರಣ ಗೊತ್ತಾಗಬೇಕು. ಹಳೆಯ ಸೋಂಕಿನಿಂದಲೋ, ಹುಟ್ಟಿನಿಂದಲೇ ನಾಳ ಇಲ್ಲದೆಯೋ ದಾರಿ ಕಟ್ಟಿದ್ದರೆ ಒಳಗೆ ವೀರ್ಯಾಣು ಇದ್ದೇ ಇರುತ್ತದೆ. ಸೂಜಿಯಿಂದ ತೆಗೆದು ಇಕ್ಸಿ ಮಾಡಬಹುದು. ನಾಳ ಹುಟ್ಟಿನಿಂದಲೇ ಇಲ್ಲ ಎಂದಾದರೆ ಗಂಡಹೆಂಡತಿ ಇಬ್ಬರೂ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆಯ ಜೀನಿನ ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಿರಿ.

ತಯಾರಿಯೇ ಆಗುತ್ತಿಲ್ಲ ಎಂದಾದರೆ ಮೈಕ್ರೋ ಟೀಸೆ ಎಂಬ ಆಪರೇಶನ್ ಇದೆ. ದೊಡ್ಡ ಸೂಕ್ಷ್ಮದರ್ಶಕದ ಕೆಳಗೆ ವೃಷಣ ತೆರೆದು, ಎಲ್ಲಾದರೂ ಒಂದು ಮೂಲೆಯಲ್ಲಿ ವೀರ್ಯಾಣು ಇದೆಯೇ ಎಂದು ಹುಡುಕುತ್ತಾರೆ. ಸುಮಾರು ಅರ್ಧದಷ್ಟು ಗಂಡಸರಲ್ಲಿ ಸಿಗುತ್ತದೆ, ಉಳಿದವರಲ್ಲಿ ಇಲ್ಲ. ಇದಕ್ಕೆ ಒಪ್ಪುವ ಮೊದಲು ಎರಡು ರಕ್ತಪರೀಕ್ಷೆ ಆಗಲೇಬೇಕು: ಕ್ಯಾರಿಯೋಟೈಪ್ (ಕ್ರೋಮೋಸೋಮುಗಳ ಸಂಖ್ಯೆ, ರೂಪ ನೋಡುವುದು) ಮತ್ತು ವೈ ಕ್ರೋಮೋಸೋಮ್ ಮೈಕ್ರೋಡಿಲೀಶನ್ (ಗಂಡಸರ ವೈ ಕ್ರೋಮೋಸೋಮಿನಲ್ಲಿ ಸಣ್ಣ ತುಂಡು ಇಲ್ಲವೇ ಎಂದು ನೋಡುವುದು). ಎರಡನೆಯದರಲ್ಲಿ, ವೀರ್ಯಾಣು ತಯಾರಿಗೆ ಬೇಕಾದ ಎಜೆಡ್‌ಎಫ್ ಎಂಬ ಜಾಗದ ಎ ಅಥವಾ ಬಿ ಭಾಗ ಪೂರ್ತಿ ಇಲ್ಲ ಎಂದು ಬಂದರೆ ಆಪರೇಶನ್ ಮಾಡಿಸಿ ಪ್ರಯೋಜನವಿಲ್ಲ. ಅಲ್ಲಿಗೆ ಈ ದಾರಿ ಮುಗಿಯಿತು ಎಂದು ತಿಳಿಯಿರಿ. ಸಿ ಭಾಗ ಮಾತ್ರ ಇಲ್ಲ ಎಂದಾದರೆ ಆಸೆ ಇದೆ, ಆದರೆ ಗಂಡು ಮಗು ಹುಟ್ಟಿದರೆ ಅವನಿಗೂ ಇದೇ ಕೊರತೆ ಬರುತ್ತದೆ. ಕೆಲವೇ ಸಾವಿರದ ಈ ಪರೀಕ್ಷೆ ಲಕ್ಷ ಉಳಿಸುತ್ತದೆ. ಇದನ್ನು ಮಾಡಿಸದೆ ಆಪರೇಶನ್ ತಾರೀಕು ಕೊಡುವ ಕಡೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಇನ್ನೊಂದು ಮಾತು. ಜಿಮ್ಮಿನಲ್ಲಿ ಕೊಟ್ಟರೆಂದೋ, ಸುಸ್ತಿಗೆ ಎಂದೋ ಗಂಡ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ಗಂಡಸುತನದ ಔಷಧಿ ಎನಿಸಿಕೊಂಡ ಅದೇ ವೀರ್ಯಾಣು ತಯಾರಿಯನ್ನು ನಿಲ್ಲಿಸುತ್ತದೆ. ಬಿಟ್ಟ ಮೇಲೆ ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಮರಳಿ ಬರುತ್ತದೆ.

ಖರ್ಚು: ಒಂದು ಸುತ್ತು ಇಕ್ಸಿಗೆ ಔಷಧಿ ಸೇರಿ ಸುಮಾರು ಒಂದೂವರೆಯಿಂದ ಎರಡೂವರೆ ಲಕ್ಷ. ಮೈಕ್ರೋ ಟೀಸೆ ಸೇರಿದರೆ ಇನ್ನೂ ಮೇಲೆ. ಹೆಚ್ಚಿನ ಆರೋಗ್ಯ ವಿಮೆಗಳು ಇದಕ್ಕೆ ಹಣ ಕೊಡುವುದಿಲ್ಲ. ಹೆಂಡತಿ 35ರ ಒಳಗಿದ್ದರೆ ಒಂದು ಸುತ್ತಿನಲ್ಲಿ ಮಗು ಕೈಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಮೂರರಲ್ಲಿ ಒಂದು. 40 ದಾಟಿದರೆ ಹತ್ತರಲ್ಲಿ ಒಂದರ ಆಸುಪಾಸು. ಇಂಜೆಕ್ಷನ್, ಅರಿವಳಿಕೆ, ಹೊಟ್ಟೆ ಉಬ್ಬರ ಎಲ್ಲ ಸಹಿಸುವವಳು ಹೆಂಡತಿ, ಅವಳಲ್ಲಿ ಯಾವ ತೊಂದರೆ ಇಲ್ಲದಿದ್ದರೂ. ಇನ್ನು ಎಷ್ಟು ಸುತ್ತು ಎಂಬುದರಲ್ಲಿ ಕೊನೆಯ ಮಾತು ಅವಳದ್ದೇ ಇರಬೇಕು ಎಂದು ನಾನು ಹೇಳುವುದು ಅದಕ್ಕೇ. ಸೊಸೈಟಿಯಲ್ಲಿ ಅಡಿಕೆ ಮೇಲೆ ಸಾಲ ಎತ್ತುವ ಮೊದಲೇ, ಇಷ್ಟು ಸುತ್ತು ಆದ ಮೇಲೆ ನಿಲ್ಲಿಸುತ್ತೇವೆ ಎಂದು ಇಬ್ಬರೂ ಒಪ್ಪಿಕೊಳ್ಳಿ.

ಅಂಡಾಣು ತೆಗೆದ ದಿನ ಗಂಡನಲ್ಲಿ ವೀರ್ಯಾಣು ಸಿಗಲೇ ಇಲ್ಲ ಎಂದಾದರೆ ಏನು ಮಾಡುವುದು, ಅಂಡಾಣುವನ್ನು ಶೀತದಲ್ಲಿ ಇಡುವುದೋ, ದಾನಿ ವೀರ್ಯ ಬಳಸುವುದೋ? ಇದನ್ನೂ ಮನೆಯಲ್ಲೇ ತೀರ್ಮಾನಿಸಿ ಹೋಗಿ. ಹೆಂಡತಿ ಅರಿವಳಿಕೆಯಲ್ಲಿ ಮಲಗಿರುವಾಗ ಗಂಡನೊಬ್ಬನೇ ಸಹಿ ಹಾಕುವ ಸ್ಥಿತಿ ಬರಬಾರದು.

ದಾನಿ ವೀರ್ಯ

ಬಸಿರು ಬೇಕು, ಗಂಡನ ರಕ್ತಸಂಬಂಧ ಬಿಟ್ಟರೂ ಆದೀತು ಎನ್ನುವವರಿಗೆ ಇದು ಖರ್ಚಿನಲ್ಲಿ ಹಗುರ, ಫಲದಲ್ಲಿ ಚೆನ್ನ. ಹೆಂಡತಿಯ ನಳಿಕೆಗಳು ತೆರೆದಿದ್ದರೆ ಐಯುಐ ಸಾಕು. ಒಂದು ಸಲಕ್ಕೆ ಹತ್ತಿಪ್ಪತ್ತು ಸಾವಿರದೊಳಗೆ ಆಗುತ್ತದೆ. ಒಂದೇ ಸಲಕ್ಕೆ ನಿಲ್ಲದಿರಬಹುದು, ನಾಲ್ಕಾರು ತಿಂಗಳು ಪ್ರಯತ್ನಿಸಬೇಕಾದೀತು. ಓಡಾಟವೂ ಕಡಿಮೆ.

2021ರ ಎಆರ್‌ಟಿ ಕಾಯ್ದೆ (ಇಕ್ಸಿ, ದಾನಿ ವೀರ್ಯದಂಥ ಚಿಕಿತ್ಸೆಗಳ ಕಾನೂನು) ಬಂದ ಮೇಲೆ ನಿಯಮ ಸ್ಪಷ್ಟವಾಗಿದೆ. ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ದಾನಿಗೆ 21ರಿಂದ 55 ವರ್ಷ ಇರಬೇಕು, ಎಚ್‌ಐವಿ, ಹೆಪಟೈಟಿಸ್‌ನಂಥ ಪರೀಕ್ಷೆ ಆಗಿರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದೇ ದಂಪತಿಗೆ ಕೊಡಬೇಕು. ಹೀಗೆ ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ನಿಮ್ಮಿಬ್ಬರದೇ ಮಗು. ತೋಟ, ಮನೆಯ ಹಕ್ಕೂ ಅದಕ್ಕೆ ಪೂರ್ತಿ ಇದೆ, ದಾನಿಗೆ ಯಾವ ಹಕ್ಕೂ ಇಲ್ಲ. ಚಿಕಿತ್ಸೆ ಪಡೆಯಲು ಹೆಂಡತಿಗೆ 50, ಗಂಡನಿಗೆ 55 ಮೀರಿರಬಾರದು.

"ತಮ್ಮನದ್ದು ಕೊಟ್ಟರೆ ಮನೆತನದ ರಕ್ತವೇ ಆಯ್ತಲ್ಲ?" ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಬ್ಯಾಂಕಿನ ದಾನಿಯ ಗುರುತು ನಿಮಗೆ ತಿಳಿಯಬಾರದು ಎಂಬುದೇ ಈ ಕಾಯ್ದೆಯ ಲೆಕ್ಕ. ಕಾಯ್ದೆ ಬದಿಗಿಟ್ಟು ನೋಡಿದರೂ ಒಂದೇ ಅಂಗಳದಲ್ಲಿ ಬೆಳೆಯುವ ಮಗುವಿನ ಮೇಲೆ ಚಿಕ್ಕಪ್ಪನ ಕಣ್ಣು, ಚಿಕ್ಕಮ್ಮನ ಸಂಕಟ ಬೇರೆ ಬೇರೆಯಾಗಿಯೇ ಇರುತ್ತವೆ. ಗಂಡನ ವೀರ್ಯಕ್ಕೆ ದಾನಿಯದ್ದನ್ನು ಬೆರೆಸಿ ಕೊಡಿ, ಯಾರದೆಂದು ಗೊತ್ತಾಗುವುದು ಬೇಡ ಎಂಬ ಬೇಡಿಕೆಯೂ ಬರುತ್ತದೆ. ಅದನ್ನೂ ಕಾಯ್ದೆ ನಿಷೇಧಿಸಿದೆ.

ಇಲ್ಲಿ ಹಣಕ್ಕಿಂತ ಭಾರವಾದದ್ದು ಗಂಡನ ಮನಸ್ಸು. ಹೆಂಡತಿಯ ಒತ್ತಾಯಕ್ಕೋ, ಅಮ್ಮನ ಬಾಯಿ ಮುಚ್ಚಿಸಲೋ ಒಪ್ಪಿದರೆ ಮುಂದೆ ಮಗುವಿನ ಮುಖದಲ್ಲಿ ಯಾರ ಹೋಲಿಕೆ ಎಂದು ನೆಂಟರು ಕೇಳಿದಾಗಲೆಲ್ಲ ಅವನು ಒಳಗೇ ಕುಸಿಯುತ್ತಾನೆ. ದಾನಿಯ ಜಾತಿ ಯಾವುದು ಎಂಬ ಪ್ರಶ್ನೆಯೇ ಅವನಿಗೆ ಮೊದಲು ಬರುತ್ತಿದ್ದರೆ ಅವನು ಇನ್ನೂ ತಯಾರಾಗಿಲ್ಲ ಎಂದರ್ಥ. ಕೆಲವು ತಿಂಗಳು ಬಿಡಿ. ಕಾಯ್ದೆಯ ಪ್ರಕಾರ ಕ್ಲಿನಿಕ್ ಆಪ್ತಸಮಾಲೋಚನೆ ಕೊಡಬೇಕು, ಅದನ್ನು ಕೇಳಿ ಪಡೆಯಿರಿ. ಮಗುವಿಗೆ ಹೇಳಬೇಕೋ ಬೇಡವೋ ಎಂಬುದಕ್ಕೆ ನನ್ನ ಉತ್ತರ, ಹೇಳಬೇಕು, ಅದೂ ಚಿಕ್ಕಂದಿನಲ್ಲೇ. ಡಿಎನ್‌ಎ ಪರೀಕ್ಷೆ ಮನೆಬಾಗಿಲಿಗೆ ಬಂದಿರುವ ಕಾಲ ಇದು. ಬೇರೆಯವರಿಂದ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿಯಲಿ.

ಕಾರಾ ಮೂಲಕ ದತ್ತು

ಕಾರಾ ಎಂದರೆ ಕೇಂದ್ರ ಸರ್ಕಾರದ ದತ್ತು ಸಂಸ್ಥೆ. ಬೆಳೆಸಲು ಮಗು ಬೇಕು ಎಂಬ ಆಸೆ ಉಳಿದ ಎರಡಕ್ಕಿಂತ ದೊಡ್ಡದಾಗಿದ್ದರೆ ಇದು ನಿಮ್ಮ ದಾರಿ. ಹೆಂಡತಿಯ ದೇಹಕ್ಕೆ ಮತ್ತೆ ನೋವಿಲ್ಲ. ಸರ್ಕಾರಿ ಶುಲ್ಕಗಳೆಲ್ಲ ಸೇರಿದರೂ ಒಂದು ಲಕ್ಷ ದಾಟುವುದಿಲ್ಲ. ಕೊನೆಗೆ ಮಗು ಸಿಗುತ್ತದೆಯೇ ಎಂಬ ಅನುಮಾನವೂ ಇಕ್ಸಿಯಲ್ಲಿ ಇರುವಷ್ಟು ಇಲ್ಲ. ಇಲ್ಲಿ ಕಷ್ಟ ಕಾಯುವುದು. ಎಳೆಯ, ಆರೋಗ್ಯವಂತ ಮಗುವೇ ಬೇಕೆಂದರೆ ಮೂರು ವರ್ಷ, ಅದಕ್ಕೂ ಜಾಸ್ತಿ ಆಗಬಹುದು. ಐದಾರು ವರ್ಷ ದಾಟಿದ ಮಗುವಿಗೆ ಮನಸ್ಸು ತೆರೆದವರಿಗೆ ಬೇಗ ಸಿಗುತ್ತದೆ.

ನೋಂದಣಿ ಆನ್‌ಲೈನ್‌ನಲ್ಲಿ, ಕಾರಾ ಜಾಲತಾಣದಲ್ಲೇ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಮದುವೆಯಾಗಿ ಎರಡು ವರ್ಷ ನೆಮ್ಮದಿಯ ಸಂಸಾರ ಆಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡಹೆಂಡತಿಯ ವಯಸ್ಸು ಕೂಡಿಸಿ 85 ಮೀರಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ಘಟ್ಟದ ಮೇಲೆ ತಡವಾಗಿ ಮದುವೆಯಾಗುವ ಗಂಡಸರು ಜಾಸ್ತಿ. ಗಂಡನಿಗೆ 45, ಹೆಂಡತಿಗೆ 41 ಎಂದಾದರೆ 86 ಆಯಿತು, ಕೂಸು ಸಿಗುವುದಿಲ್ಲ. ಅದಕ್ಕೇ, ಚಿಕಿತ್ಸೆ ಮುಗಿದ ಮೇಲೆ ನೋಡೋಣ ಎನ್ನದೆ ದತ್ತಿನ ಯೋಚನೆ ನಿಜವಾಗಿ ಇರುವವರು ಚಿಕಿತ್ಸೆಯ ನಡುವೆಯೇ ಹೆಸರು ಹಾಕಿ ಎನ್ನುತ್ತೇನೆ. ಗರ್ಭ ನಿಂತರೆ ಹೆಸರು ಹಿಂತೆಗೆದುಕೊಳ್ಳಿ.

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ನಮಗೆ ಅದು ಕಾರವಾರ. ಅಲ್ಲಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಾಹಿತಿ ಕೇಳಬಹುದು. ಬಾಲನ್ಯಾಯ ಕಾಯ್ದೆಯ ಈ ದತ್ತು ಎಲ್ಲ ಧರ್ಮದವರಿಗೂ ತೆರೆದಿದೆ. ಭಟ್ಕಳದ ಮುಸ್ಲಿಂ ದಂಪತಿಗೂ, ಕಾರವಾರದ ಕ್ರೈಸ್ತ ದಂಪತಿಗೂ ಇದೇ ದಾರಿ.

ನರ್ಸೊಬ್ಬರ ಪರಿಚಯದಲ್ಲಿ ಮಗು ಇದೆಯಂತೆ, ಇಷ್ಟು ಕೊಟ್ಟರೆ ಕೊಡುತ್ತಾರಂತೆ ಎಂಬ ಮಾತು ಬಂದರೆ ಅಲ್ಲೇ ಫೋನ್ ಇಡಿ. ಮಗುವನ್ನು ಮಾರುವುದು, ಕೊಳ್ಳುವುದು ಐದು ವರ್ಷದವರೆಗೆ ಜೈಲಾಗುವ ಅಪರಾಧ. ಮಗುವನ್ನು ಎತ್ತಿ ಆಡಿಸಿದ ಮೇಲೆ ಪೊಲೀಸರು ಬಂದು ಒಯ್ದರೆ ಆ ದುಃಖಕ್ಕೆ ಯಾರೂ ಜವಾಬ್ದಾರರಲ್ಲ.

ಮನೆತನದೊಳಗಿನ ದತ್ತಕ

ಅಣ್ಣನ ಎರಡನೇ ಮಗನನ್ನೋ ತಂಗಿಯ ಮಗಳನ್ನೋ ದತ್ತಕ ತೆಗೆದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಹಿಂದೂಗಳಿಗೆ 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಇದು ಸುಲಭ: ಮಗುವಿಗೆ 15 ತುಂಬಿರಬಾರದು, ಹೆತ್ತವರಿಬ್ಬರ ಒಪ್ಪಿಗೆ ಬೇಕು, ನಿಮ್ಮಿಬ್ಬರ ಒಪ್ಪಿಗೆಯೂ ಬೇಕು, ಕೊಡುವ ತೆಗೆದುಕೊಳ್ಳುವ ಕ್ರಮ ಆಗಬೇಕು. ಕಾಯುವುದಿಲ್ಲ, ಖರ್ಚಿಲ್ಲ, ಮಗು ಪರಿಚಯದ್ದು. ಆದರೆ ದತ್ತಕ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸದೆ ಬಿಡಬೇಡಿ. ಶಾಸ್ತ್ರ ಆಯಿತು, ಊಟ ಆಯಿತು, ಪತ್ರ ಆಗಲಿಲ್ಲ ಎಂಬ ಮನೆಗಳಲ್ಲಿ ತೋಟ ಪಾಲಾಗುವಾಗ ಜಗಳ ಎದ್ದಿರುವುದನ್ನು ನೋಡಿದ್ದೇನೆ.

ಈ ದಾರಿಯ ನಿಜವಾದ ಬೆಲೆ ಮನಸ್ಸಿನದು. ಹೆತ್ತ ತಾಯಿ ಪಕ್ಕದ ಮನೆಯಲ್ಲೇ ಇರುತ್ತಾಳೆ. ಶಾಲೆ ಯಾವುದು, ಉಪನಯನ ಯಾವಾಗ ಎಂಬುದರಲ್ಲೂ ಅವರ ಮಾತು ಬರುತ್ತದೆ. ಹಿರಿಯರು ಒತ್ತಿ ಕೊಡಿಸಿದ ಮಗು ಬೇಡ. ಹೆತ್ತವಳು ತಾನಾಗಿ ಬಂದು ಕೊಡುತ್ತೇನೆ ಎಂದರೆ ಮಾತ್ರ ಮುಂದುವರಿಯಿರಿ, ಆಗಲೂ ಒಂದು ವರ್ಷ ಯೋಚಿಸಲು ಬಿಡಿ.

ಬಾಡಿಗೆ ತಾಯಿ ಬಗ್ಗೆ ಕೇಳುವವರಿಗೆ ಒಂದೇ ಮಾತು: ಅದು ಗರ್ಭಕೋಶದ ತೊಂದರೆಗೆ ಇರುವ ದಾರಿ. ವೀರ್ಯಾಣುವಿನ ಕೊರತೆಯನ್ನು ಅದು ತುಂಬುವುದಿಲ್ಲ.

ಇಬ್ಬರೇ ಇರುವುದು

ಇದನ್ನು ಸೋಲು ಎಂದು ಕೊನೆಗೆ ಇಟ್ಟಿಲ್ಲ. ಚಿಕಿತ್ಸೆ ನಿಲ್ಲಿಸಿದ ಮೇಲೆ ಮೊದಲ ಬಾರಿಗೆ ನಿದ್ದೆ ಬಂತು ಎಂದವರಿದ್ದಾರೆ. ಇಲ್ಲಿ ಎದುರಿಸಬೇಕಾದದ್ದು ಊರು. ಮದುವೆ ಮನೆಯ ಪಂಕ್ತಿಯಲ್ಲಿ "ವಿಶೇಷ ಎಂತಾದ್ರೂ ಉಂಟಾ?" ಎಂದು ಕೇಳುವುದು ಹೆಂಡತಿಯನ್ನೇ. ಈ ದಾರಿ ಆರಿಸುವ ಗಂಡ ಒಂದು ಕೆಲಸ ಮಾಡಲೇಬೇಕು. ತೊಂದರೆ ತನ್ನಲ್ಲಿದೆ, ನಾವಿಬ್ಬರೂ ಸೇರಿ ಸಾಕು ಎಂದು ತೀರ್ಮಾನಿಸಿದ್ದೇವೆ ಎಂದು ತನ್ನ ತಂದೆತಾಯಿಗೆ ತಾನೇ ಹೇಳಬೇಕು. ಅವನು ಹೇಳದಿದ್ದರೆ ಬಂಜೆ ಎಂಬ ಮಾತು ಅವಳ ಮೇಲೆ ಬೀಳುತ್ತದೆ, ಯಾವ ತಪ್ಪೂ ಇಲ್ಲದೆ. ವಯಸ್ಸಾದ ಮೇಲಿನ ಆಸರೆ, ಆಸ್ತಿ ಯಾರಿಗೆ ಎಂಬ ವಿಲ್, ಇವನ್ನು ಈಗಲೇ ಬರೆದಿಟ್ಟರೆ ನೆಂಟರ ಲೆಕ್ಕಾಚಾರವೂ ನಿಲ್ಲುತ್ತದೆ.

ಯಾರಿಗೆ ಯಾವುದು

ಹೆಂಡತಿ 32ರ ಒಳಗೆ, ಕೌಂಟ್ ಸೊನ್ನೆಯಲ್ಲ, ಕೈಯಲ್ಲಿ ಸಾಲವಿಲ್ಲದ ಮೂರು ಲಕ್ಷ ಇದೆ ಎಂದಾದರೆ ಒಂದು ಸುತ್ತು ಇಕ್ಸಿ ಮಾಡಿಸಿ ನೋಡಿ. ಹೆಂಡತಿಗೆ 38, ಎಎಂಎಚ್ ಇಳಿದಿದೆ, ಗಂಡನಲ್ಲಿ ತಯಾರಿಯೇ ಇಲ್ಲ ಎಂದಾದರೆ ಮೈಕ್ರೋ ಟೀಸೆ ಹಿಂದೆ ಹೋಗಿ ಇನ್ನೊಂದು ವರ್ಷ ಕಳೆಯಬೇಡಿ. ಗಂಡನ ಮನಸ್ಸು ಒಪ್ಪಿದರೆ ದಾನಿ ವೀರ್ಯ, ಒಪ್ಪದಿದ್ದರೆ ಇಂದೇ ಕಾರಾ ನೋಂದಣಿ. ಮೀನುಗಾರಿಕೆಯಲ್ಲೋ ದಿನಗೂಲಿಯಲ್ಲೋ ದುಡಿಯುವ, ಲಕ್ಷ ಹೊಂದಿಸಲಾಗದ ಮನೆಯವರಿಗೆ ದಾನಿ ಐಯುಐ ಮತ್ತು ದತ್ತು ಎರಡೂ ಕೈಗೆಟಕುತ್ತವೆ. ಬಂಗಾರ ಅಡವಿಟ್ಟು ಇಕ್ಸಿ ಬೇಡ. ಚೀಟಿಯಲ್ಲಿ ಗಂಡ ರಕ್ತಸಂಬಂಧ ಎಂದು, ಹೆಂಡತಿ ಸಾಕಾಯಿತು ಎಂದು ಬರೆದಿದ್ದರೆ ಯಾವ ದಾರಿಯನ್ನೂ ಈಗ ಹಿಡಿಯಬೇಡಿ, ಮೊದಲು ಆಪ್ತಸಮಾಲೋಚಕರ ಹತ್ತಿರ ಹೋಗಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ನಿಮ್ಮ ಕೇಂದ್ರಕ್ಕೆ ಎಆರ್‌ಟಿ ನೋಂದಣಿ ಇದೆಯೇ? ಪ್ರಮಾಣಪತ್ರ ತೋರಿಸುತ್ತೀರಾ? ನಮ್ಮ ವಯಸ್ಸಿನ, ನಮ್ಮಂಥ ರಿಪೋರ್ಟಿನವರಲ್ಲಿ ಎಷ್ಟು ಮಂದಿ ಮಗು ಎತ್ತಿಕೊಂಡು ಹೋಗಿದ್ದಾರೆ? ಗರ್ಭ ನಿಂತವರ ಲೆಕ್ಕ ಬೇಡ, ಹೆರಿಗೆಯಾದವರ ಲೆಕ್ಕ ಹೇಳಿ. ಔಷಧಿ, ಭ್ರೂಣ ಶೀತದಲ್ಲಿಡುವುದು ಎಲ್ಲ ಸೇರಿ ಒಟ್ಟು ಎಷ್ಟು? ಯಾವ ಹಂತಕ್ಕೆ ಬಂದಾಗ ನೀವೇ ನಮಗೆ ಇನ್ನು ಸಾಕು, ನಿಲ್ಲಿಸಿ ಎಂದು ಹೇಳುತ್ತೀರಿ?